ಚಪ್ಪಾಳೆ ಸಾಕು, ಲೆಕ್ಕ ಕೇಳೋಣ

ಮೊನ್ನೆ ಸೊಸೈಟಿ ಮುಂದೆ ಯೂರಿಯಾ ಪಾಳಿಯಲ್ಲಿ ನಿಂತಿದ್ದೆ. ನಸುಕಿನಲ್ಲಿ ಚಪ್ಪಲಿ ಇಟ್ಟು ಪಾಳಿ ಹಿಡಿದವರು ಹನ್ನೊಂದಾದರೂ ಅಲ್ಲೇ ಇದ್ದರು. ನನ್ನ ಹಿಂದೆ ನಿಂತಿದ್ದ ನಮ್ಮ ಓಣಿಯ ಹುಡುಗ ಹೊತ್ತು ಹೋಗಲಿ ಅಂತ ಮೊಬೈಲಿನಲ್ಲಿ ಪ್ಯಾರಿಸ್ ಪೆರೇಡ್ ನೋಡುತ್ತಿದ್ದ, ಹೋದ ತಿಂಗಳ 14ರದ್ದು. "ಕಾಕಾ, ಇದನ್ನ ನೀವು ಖುದ್ದ ನೋಡಿ ಬಂದೀರಲ್ಲ, ಹೆಂಗಿತ್ತು?" ಅಂದ.

ಭಾರಿ ಇತ್ತಪ್ಪ ಅಂದೆ. ಎರಡು ವರ್ಷದಿಂದ ಎಲ್ಲರಿಗೂ ಅಷ್ಟೇ ಹೇಳ್ತಾ ಬಂದೀನಿ. ಪೂರ್ತಿ ಯಾರಿಗೂ ಹೇಳಿಲ್ಲ. ಮುಂದಿನ ಶುಕ್ರವಾರ ಆಗಸ್ಟ್ 15. ಅದಕ್ಕೂ ಮೊದಲು ಉಳಿದದ್ದನ್ನು ಹೇಳಿಬಿಡಬೇಕು ಅನ್ನಿಸಿತು. ಬರೆಹ ಉದ್ದ ಆಗ್ತದೆ. ಬೈಯೋದಿದ್ದರೆ ಪೂರ್ತಿ ಓದಿ ಬೈಯಿರಿ.

2023ರಲ್ಲಿ ಮಗಳ ಬಾಣಂತನಕ್ಕೆ ಮನೆಯಾಕೆ ಪ್ಯಾರಿಸ್ ಹತ್ತಿರದ ಊರಿಗೆ ಹೊರಟಳು. ಒಬ್ಬಳೇ ವಿಮಾನ ಬದಲಿಸೋಕೆ ಅಂಜಿದಳು ಅಂತ ನಾನೂ ಹೋದೆ. ಮುಂಗಾರಿನಲ್ಲಿ ಹೊಲ ಬಿಟ್ಟು ಹೋದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಹೊಲ, ದನ ಎಲ್ಲ ತಮ್ಮನಿಗೆ ಒಪ್ಪಿಸಿದ್ದೆ. ಆ ವರ್ಷದ ಜೂನ್ ಹೆಂಗಿತ್ತು ಅಂತ ನಿಮಗೆ ನೆನಪಿದೆ. ರೋಹಿಣಿ, ಮೃಗಶಿರ ಎರಡೂ ಕೈಕೊಟ್ಟಿದ್ದವು.

ಜುಲೈ 14 ಫ್ರಾನ್ಸಿನವರ ರಾಷ್ಟ್ರೀಯ ಹಬ್ಬ. ಆ ಸಲ ನಮ್ಮ ಪ್ರಧಾನಿಯೇ ಮುಖ್ಯ ಅತಿಥಿ, ನಮ್ಮ ಮೂರೂ ಪಡೆಗಳ ತುಕಡಿಗಳೂ ಹೆಜ್ಜೆ ಹಾಕ್ತಾವ ಅಂತ ಅಳಿಯಂದಿರು ಹೇಳಿದಾಗ ನಾನು ಹೋಗಲೇಬೇಕು ಅಂತ ಹಟ ಹಿಡಿದೆ. ನಸುಕಿನಲ್ಲೇ ಎದ್ದು ರೈಲು ಹಿಡಿದು ಹೋದ್ವಿ. ಪೊಲೀಸರು ಮೂರು ಕಡೆ ಚೀಲ ಬಿಚ್ಚಿ ನೋಡಿದರು. ಮಗಳು ಕಟ್ಟಿ ಕೊಟ್ಟಿದ್ದ ಚಪಾತಿ ಗಂಟನ್ನೂ ಬಿಡಲಿಲ್ಲ.

ಬೀದಿಯ ಹೆಸರು ಶಾಂಜೆಲಿಜೆ. ಮೇಲಿನ ತುದಿಗೆ ನೆಪೋಲಿಯನ್ ಕಟ್ಟಿಸೋಕೆ ಶುರು ಮಾಡಿದ ವಿಜಯದ ಕಮಾನು, ಕೆಳಗಿನ ತುದಿಗೆ ಕಾಂಕಾರ್ಡ್ ಚೌಕ. ನಡುವೆ ಸುಮಾರು ಎರಡು ಕಿಲೋಮೀಟರ್ ನೆಟ್ಟಗಿನ ಕಲ್ಲುಹಾಸಿನ ರಸ್ತೆ. ನಮ್ಮ ಹೊಲಕ್ಕೆ ಹೋಗೋ ದಾರಿ ಅಷ್ಟೇ ಉದ್ದ ಐತಿ, ಅದರ ಕಥೆ ಬೇರೆ. ದೊಡ್ಡವರು ಕೂರುವ ಪೆಂಡಾಲು ಆ ಕಾಂಕಾರ್ಡ್ ಚೌಕದಲ್ಲಿ. 1793ರಲ್ಲಿ ಫ್ರಾನ್ಸಿನವರು ತಮ್ಮ ರಾಜನ ತಲೆ ತೆಗೆದದ್ದು ಅದೇ ಚೌಕದಲ್ಲಂತೆ. ಇದನ್ನ ನೆನಪಿಡ್ರಿ, ಮುಂದೆ ಬೇಕಾಗ್ತದೆ.

ಮೊದಲು ವಿಮಾನಗಳು ನೀಲಿ, ಬಿಳಿ, ಕೆಂಪು ಹೊಗೆ ಬಿಡುತ್ತ ತಲೆ ಮೇಲೆ ಹಾದುಹೋದವು. ಆಮೇಲೆ ಬ್ಯಾಂಡಿನ ಸದ್ದು. ಕಾಲ್ನಡಿಗೆಯ ಪೆರೇಡಿಗೆ ನಮ್ಮವರೇ ಮುಂದು. ಪಂಜಾಬ್ ರೆಜಿಮೆಂಟಿನ ಜವಾನರು, ಅವರ ಜೊತೆ ರಜಪುತಾನಾ ರೈಫಲ್ಸ್ ಬ್ಯಾಂಡ್ 'ಸಾರೇ ಜಹಾಂ ಸೆ ಅಚ್ಛಾ' ಬಾರಿಸುತ್ತ ಬಂತು. ಒಟ್ಟು 269 ಮಂದಿ. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ? ತಮ್ಮನ ಹಿರಿಯ ಮಗ ಮಿಲಿಟರಿಯಲ್ಲಿದ್ದಾನೆ. ಒಬ್ಬೊಬ್ಬ ಜವಾನನ ಮುಖದಲ್ಲೂ ಅವನೇ ಕಂಡ. 2009ರಲ್ಲಿ ನಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯವರೂ ಇದೇ ಬೀದಿಯಲ್ಲಿ ನಡೆದಿದ್ದರು. ಮಿಲಿಟರಿಗೆ ಮಕ್ಕಳನ್ನು ಕೊಟ್ಟವರು ನಮ್ಮಂಥ ಒಕ್ಕಲು ಮನೆಯವರೇ. ಹಂಗಾಗಿ ಜವಾನನ ಬಗ್ಗೆ ಯಾರೂ ನನಗೆ ಪಾಠ ಹೇಳೋದು ಬೇಡ.

ನಮ್ಮವರು ಇನ್ನೂ ದೂರ ಇದ್ದಾಗಲೇ ಫೋನ್ ಬಂತು. ತಮ್ಮ. "ಅಣ್ಣಾ, ಹತ್ತಿ ಅರ್ಧಕ್ಕರ್ಧ ಹುಟ್ಟಿಲ್ಲ. ಮತ್ತ ಬೀಜ ಊರಬೇಕೋ, ಕೆಡಿಸಿ ಬ್ಯಾರೆ ಏನರೆ ಹಾಕಬೇಕೋ ತಿಳೀವಲ್ದು. ಏನ್ ಮಾಡಲಿ?"

"ನಮ್ಮ ಫೌಜು ಬರಾಕತ್ತೈತಿ, ತಡಿ, ಆಮ್ಯಾಲೆ ಮಾತಾಡ್ತೀನಿ" ಅಂತ ಇಟ್ಟುಬಿಟ್ಟೆ.

ವಾಪಸ್ ಫೋನ್ ಮಾಡಿದ್ದು ಮರುದಿನ. ಅಷ್ಟರಲ್ಲಿ ಅವನೇ ಸಾಲ ಮಾಡಿ ಬೀಜ ತಂದಿದ್ದ.

ಕಾಲ್ನಡಿಗೆಯ ಪೆರೇಡಿನ ಕೊನೆಗೆ ಒಂದು ತುಕಡಿ ಬಂತು. ಫಾರಿನ್ ಲೀಜನ್ ಅಂತ, ಪರದೇಶದವರನ್ನು ಸೇರಿಸಿಕೊಳ್ಳುವ ಪಡೆ. ಬೇರೆಯವರು ನಿಮಿಷಕ್ಕೆ 120 ಹೆಜ್ಜೆ ಹಾಕಿದರೆ ಇವರದ್ದು 88. ನಿಧಾನ, ಎತ್ತಿನ ನಡಿಗೆಯ ಹಾಗೆ. ಮುಂದಿನ ಸಾಲಿನವರಿಗೆ ಉದ್ದ ಗಡ್ಡ, ಎದೆಗೆ ಚರ್ಮದ ಹೊದಿಕೆ, ಹೆಗಲ ಮೇಲೆ ಕೊಡಲಿ. ಅಷ್ಟು ಹೊತ್ತು ಬರೀ ಬಂದೂಕು ನೋಡಿದ್ದ ನನಗೆ ನಮ್ಮ ಮನೆಯಲ್ಲೂ ಇರುವಂಥ ಒಂದು ಸಾಮಾನು ಕಂಡದ್ದು ಅದೊಂದೇ. "ಅಳಿಯಂದಿರೇ, ಇದರಾಗ ರೈತರದ್ದು ಏನೂ ಇಲ್ಲೇನು?" ಅಂತ ಕೇಳಿದೆ. ಅವರು ನಕ್ಕು, "ಮಾವಾ, ಇದು ಮಿಲಿಟರಿ ಪೆರೇಡ್" ಅಂದರು.

ಎರಡು ದಿನದ ಮೇಲೆ ಪಕ್ಕದ ಮನೆಯ ಅಜ್ಜಿ ಕೂಸು ನೋಡೋಕೆ ಬಂದಿದ್ದರು. ಹುಟ್ಟಿದ್ದು ಹಳ್ಳಿಯಲ್ಲಿ, ತವರು ಗೋಧಿ ಬೆಳೆಯುವ ಮನೆತನ. ನಾನು ಅದೇ ಪ್ರಶ್ನೆ ಕೇಳಿದೆ, ಮಗಳು ತಿಳಿಸಿ ಹೇಳಿದಳು. ಅಜ್ಜಿ ಕೈ ಆಡಿಸುತ್ತ ಏನೋ ಹೇಳಿದರು. ಮಗಳಿಗೂ ಅಚ್ಚರಿ. "ಅಪ್ಪಾ, ಆ ಬೀದಿಯೊಳಗ ಗೋಧಿ ಕೊಯ್ದದ್ದನ್ನ ಇವರು ಕಣ್ಣಾರೆ ನೋಡ್ಯಾರಂತ!"

ನಿಜ. 1990ರ ಜೂನ್ 24. ಫ್ರಾನ್ಸಿನ ಯುವ ರೈತರ ಸಂಘದವರು ಬೇರೆ ಕಡೆ ಬೆಳೆದ ಗೋಧಿಯನ್ನು ಬೇರು ಸಮೇತ ಲಾರಿಗಳಲ್ಲಿ ತಂದು ರಾತ್ರೋರಾತ್ರಿ ಶಾಂಜೆಲಿಜೆ ಬೀದಿ ತುಂಬ ಜೋಡಿಸಿದರು. ಮುಂಜಾನೆ ಪ್ಯಾರಿಸ್ ಎದ್ದು ನೋಡಿದರೆ ಕಮಾನಿನ ಮುಂದೆ ಬಂಗಾರದ ಬಣ್ಣದ ಹೊಲ! ಅದಕ್ಕೆ ಯಂತ್ರ ಬಿಟ್ಟು ಕೊಯ್ಲು ಮಾಡಿ ತೋರಿಸಿದರು. ಪಟ್ಟಣದ ಮಂದಿ ಲಕ್ಷಗಟ್ಟಲೆ ಬಂದು ನೋಡಿದರು. 2010ರ ಮೇ ತಿಂಗಳಲ್ಲಿ ಮತ್ತೊಮ್ಮೆ ಅದೇ ಬೀದಿಯನ್ನು ಎರಡು ದಿನ ಗಿಡ, ಬೆಳೆಗಳಿಂದ ಮುಚ್ಚಿದರು. ಟ್ಯಾಂಕು ಉರುಳುವ ಅದೇ ಕಲ್ಲುಹಾಸಿನ ಮೇಲೆ!

ಅಲ್ಲಿಂದ ನನಗೆ ಆ ತಾರೀಖಿನ ಹುಚ್ಚು ಹಿಡಿಯಿತು. ಕೂಸು ಮಲಗಿಸಿ ಮಗಳು ಓದಿ ಹೇಳ್ತಿದ್ದಳು, ನಾನು ಬರೆದುಕೊಳ್ತಿದ್ದೆ. ಓದಿದಷ್ಟೂ ಇದು ನಮ್ಮದೇ ಕಥೆ ಅನ್ನಿಸಿತು.

1788ರ ಜುಲೈ 13ರಂದು ಫ್ರಾನ್ಸಿನಲ್ಲಿ ಭಾರಿ ಆಲಿಕಲ್ಲು ಮಳೆ ಬಿತ್ತು. ಕೊಯ್ಲಿಗೆ ಬಂದ ಗೋಧಿ ನೆಲ ಕಚ್ಚಿತು. ಆ ಚಳಿಗಾಲ ನದಿಗಳೂ ಹೆಪ್ಪುಗಟ್ಟಿದವು. ಮುಂದಿನ ವರ್ಷ ಜುಲೈ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ರೊಟ್ಟಿಯ ಬೆಲೆ ಎಷ್ಟು ಏರಿತ್ತು ಅಂದರೆ ಕೂಲಿಯವನ ದುಡಿಮೆಯ ಬಹುಪಾಲು ಬರೀ ರೊಟ್ಟಿಗೇ ಹೋಗ್ತಿತ್ತು. ಆಲಿಕಲ್ಲು ಬಿದ್ದು ಒಂದು ವರ್ಷ ಒಂದು ದಿನಕ್ಕೆ, 1789ರ ಜುಲೈ 14ರಂದು, ಮಂದಿ ಬಾಸ್ಟೀಲ್ ಕೋಟೆಗೆ ನುಗ್ಗಿದರು. ನುಗ್ಗಿದ್ದು ಮದ್ದಿನ ಪುಡಿಗಾಗಿ. ಒಳಗೆ ಇದ್ದ ಕೈದಿಗಳು ಏಳೇ ಮಂದಿ. ಹಳ್ಳಿಗಳಲ್ಲಿ ಒಕ್ಕಲು ಮಕ್ಕಳು ಜಹಗೀರದಾರರ ವಾಡೆಗಳಿಗೆ ನುಗ್ಗಿ, ಗೇಣಿ, ತೆರಿಗೆ ಬರೆದಿಟ್ಟ ಪುಸ್ತಕಗಳನ್ನು ಸುಟ್ಟರು. ಆಗಸ್ಟ್ 4ರ ರಾತ್ರಿ ಅಲ್ಲಿನ ಸಭೆ ಜಹಗೀರದಾರಿ ಹಕ್ಕುಗಳನ್ನು ರದ್ದು ಮಾಡ್ತೀವಿ ಅಂತ ಸಾರಬೇಕಾಯಿತು.

ಅಂದರೆ ಜುಲೈ 14 ಹುಟ್ಟಿದ್ದೇ ಬೆಳೆ ಹಾಳಾಗಿ, ಹೊಟ್ಟೆ ಉರಿದು, ಮಂದಿ ಲೆಕ್ಕ ಕೇಳಿದ್ದರಿಂದ. 1880ರಲ್ಲಿ ಕಾನೂನು ಮಾಡಿ ಅದನ್ನು ರಾಷ್ಟ್ರೀಯ ಹಬ್ಬ ಮಾಡಿದರು. ಅದೇ ವರ್ಷದಿಂದ ಮಿಲಿಟರಿ ಪೆರೇಡೂ ಶುರು. ಪ್ರಶ್ನೆ ಕೇಳಿದ ದಿನ ನೋಡುತ್ತ ನೋಡುತ್ತ ಚಪ್ಪಾಳೆ ಹೊಡೆಯುವ ದಿನ ಆಯಿತು. ರಾಜನ ತಲೆ ಹೋದ ಚೌಕದಲ್ಲಿ ಈಗ ಆಳುವವರು ನೆರಳಲ್ಲಿ ಕೂರ್ತಾರೆ, ಮಂದಿ ಬಿಸಿಲಲ್ಲಿ ಕಟಾಂಜನದ ಆಚೆ ನಿಲ್ತಾರೆ.

ಒಂದು ವರ್ಷ ಮಾತ್ರ ಹಾಗಾಗಲಿಲ್ಲ. 1919. ಮೊದಲ ಮಹಾಯುದ್ಧ ಮುಗಿದಿತ್ತು. ಫ್ರಾನ್ಸಿನ ಹದಿಮೂರು ಲಕ್ಷಕ್ಕೂ ಹೆಚ್ಚು ಜವಾನರು ಸತ್ತಿದ್ದರು, ಅದರಲ್ಲಿ ಹೊಲದಿಂದ ಎದ್ದು ಹೋದವರೇ ಬಹಳ. ಆ ಜುಲೈ 14ರ ಪೆರೇಡಿನಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಸುಮಾರು ಸಾವಿರ ಮಂದಿ ಅಂಗವಿಕಲ ಸೈನಿಕರು. ಕಾಲು ಇಲ್ಲದವರು, ಕಣ್ಣು ಹೋದವರು, ಊರುಗೋಲಿನವರು, ತಳ್ಳುಗಾಡಿಯಲ್ಲಿ ಕೂತವರು. ಜನರಲ್‌ಗಳು ಅವರ ಹಿಂದೆ. ಪೆರೇಡ್ ಅಂದರೆ ಅದು! ಗೆದ್ದದ್ದರ ಜೊತೆ ತೆತ್ತದ್ದನ್ನೂ ತೋರಿಸಿದ ಪೆರೇಡ್.

ನನ್ನ ವಾದ ಇಷ್ಟೇ. ದೇಶದ ಹಬ್ಬ ಅಂದರೆ ದೇಶದ ಲೆಕ್ಕ ಒಪ್ಪಿಸುವ ದಿನ ಆಗಬೇಕು. ಬರೀ ಶಕ್ತಿ ತೋರಿಸಿ ಲೆಕ್ಕ ಮುಚ್ಚುವ ದಿನ ಆದರೆ ಅದು ದನದ ಸಂತೆಯಲ್ಲಿ ಹೋರಿ ಮೆರೆಸಿದ ಹಾಗೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಗೆ ಝೂಲ. ನೋಡೋ ಹುಡುಗರಿಗೆ ಖುಷಿ. ವ್ಯಾಪಾರ ನಡೆಯೋದು ಮಾತ್ರ ಟವೆಲ್ ಕೆಳಗೆ, ಬೆರಳು ಹಿಡಿದು.

ಹೋಲಿಕೆ ಜಾಸ್ತಿ ಆಯಿತು ಅಂತೀರೇನು? ಆ ದಿನ ಶಾಂಜೆಲಿಜೆ ಮೇಲೆ ನಮ್ಮ ವಾಯುಪಡೆಯ ರಫೇಲ್ ವಿಮಾನಗಳೂ ಹಾರಿದವು. ಮಾಡಿದ್ದು ಫ್ರಾನ್ಸ್, ಕೊಂಡದ್ದು ನಾವು. ಪೆರೇಡಿನ ಹಿಂದಿನ ದಿನವೇ, ಜುಲೈ 13ಕ್ಕೆ, ನೌಕಾಪಡೆಗೆ ಇನ್ನೂ 26 ರಫೇಲ್ ಕೊಳ್ಳುವ ಪ್ರಸ್ತಾವಕ್ಕೆ ದಿಲ್ಲಿಯಲ್ಲಿ ಮೊದಲ ಒಪ್ಪಿಗೆ ಸಿಕ್ಕಿತ್ತು. 2025ರ ಏಪ್ರಿಲ್‌ನಲ್ಲಿ ಸಹಿಯೂ ಆಯಿತು, ಸುಮಾರು 63,000 ಕೋಟಿ ರೂಪಾಯಿಗೆ.

ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ. ಗಡಿ ಕಾಯೋಕೆ ಬೇಕು, ಆ ಗಡಿಯಲ್ಲಿ ನಮ್ಮ ಹುಡುಗನೂ ಇದ್ದಾನೆ. ಆದರೆ ಅದೇ 2023ರಲ್ಲಿ ನಮ್ಮ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಸರಕಾರವೇ ಸಾರಿತು. ರಾಜ್ಯ ಕೇಂದ್ರಕ್ಕೆ ಕೇಳಿದ್ದು 18,171 ಕೋಟಿ. ಕೊನೆಗೆ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,450 ಕೋಟಿ. ರಾಜ್ಯದವರೂ ಬೀಗುವ ಹಾಗಿಲ್ಲ. ಅವರು ಮೊದಲ ಕಂತು ಅಂತ ಕೊಟ್ಟದ್ದು ರೈತನಿಗೆ ಹೆಚ್ಚೆಂದರೆ 2,000 ರೂಪಾಯಿ. ಬೀಜದ ಚೀಲಕ್ಕೂ ಸಾಲಲಿಲ್ಲ. ವಿಮಾನಕ್ಕೆ ಪೆರೇಡ್ ಐತಿ, ಬರಕ್ಕೆ ಪಾಳಿ ಐತಿ.

'ಜೈ ಜವಾನ್, ಜೈ ಕಿಸಾನ್' ಅಂತ ಶಾಸ್ತ್ರಿಯವರು 1965ರಲ್ಲಿ ಕೂಗಿದ್ದು ಎರಡೂ ಒಂದೇ ಉಸಿರಿನಲ್ಲಿ. ಆಗ ಒಂದು ಕಡೆ ಯುದ್ಧ, ಇನ್ನೊಂದು ಕಡೆ ಅನ್ನದ ಕೊರತೆ. ಈಗ ಮೊದಲ ಅರ್ಧ ಬೀದಿಯಲ್ಲಿ ನಡೀತದೆ, ಎರಡನೇ ಅರ್ಧ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಪೇಂಟಿನಲ್ಲಿ ಉಳಿದಿದೆ. ಬಾವುಟದ ಕಥೆ ನೋಡ್ರಿ. ದೇಶಕ್ಕೆ ಖಾದಿ ಬಾವುಟ ಮಾಡಿಕೊಡುವ ಊರು ನಮ್ಮ ಹುಬ್ಬಳ್ಳಿಯ ಬೆಂಗೇರಿ. ಹತ್ತಿ ಬೆಳೆಯೋರು ನಾವು. 2021ರ ಡಿಸೆಂಬರಿನಲ್ಲಿ ನಿಯಮ ಬದಲಿಸಿ ಪಾಲಿಯೆಸ್ಟರ್ ಬಾವುಟಕ್ಕೂ ದಾರಿ ಬಿಟ್ಟರು. ನಾವು ಅದನ್ನೇ ಕೊಂಡು ಮನೆ ಮೇಲೆ ಹಾರಿಸಿ ಸೆಲ್ಫಿ ಹಾಕಿದ್ವಿ. ಯಾರಾದರೂ ಕೇಳಿದ್ವೇನು?

ಕೆಲವರು ಹೇಳಬಹುದು: "ಹಬ್ಬದ ದಿನ ತಕರಾರು ಯಾಕ್ರೀ, ಬ್ಯಾರೆ ದಿನ ಇಲ್ಲೇನು?" ಬೇರೆ ದಿನ ಕೇಳಿದರೆ ಯಾರು ಕಿವಿ ಕೊಟ್ಟಾರು? ಫ್ರಾನ್ಸಿನ ರೈತರನ್ನೇ ನೋಡ್ರಿ. ನಾನು ವಾಪಸ್ ಬಂದ ಕೆಲವೇ ತಿಂಗಳಿಗೆ ಅವರು ಊರೂರಿನ ಹೆಸರಿನ ಬೋರ್ಡುಗಳನ್ನು ಬಿಚ್ಚಿ ತಲೆಕೆಳಗು ಮಾಡಿ ಹಾಕಿದರು, ಎಲ್ಲಾ ಉಲ್ಟಾ ನಡೆದೈತಿ ಅಂತ. 2024ರ ಜನವರಿ ಕೊನೆಗೆ ಟ್ರ್ಯಾಕ್ಟರುಗಳಿಂದ ಪ್ಯಾರಿಸ್ಸಿನ ಹೆದ್ದಾರಿಗಳನ್ನು ಅಡ್ಡಗಟ್ಟಿದರು. ಕೃಷಿ ಡೀಸೆಲ್ ಮೇಲೆ ಏರಿಸಬೇಕಿದ್ದ ತೆರಿಗೆಯನ್ನು ಸರಕಾರ ಕೈಬಿಟ್ಟಿತು. ಜುಲೈನಲ್ಲಿ ಕೈಬೀಸಿದ ಮಂದಿಯೇ ಜನವರಿಯಲ್ಲಿ ಲೆಕ್ಕ ಕೇಳಿದರು.

ನಮಗೆ ಅಷ್ಟು ದೂರದ ಉದಾಹರಣೆಯೂ ಬೇಡ. ಅವರದ್ದು ಜುಲೈ 14, ನಮ್ಮದು ಜುಲೈ 21. ಮಲಪ್ರಭೆ ನೀರು ಸರಿಯಾಗಿ ಹೊಲ ಮುಟ್ಟದಿದ್ದರೂ ಅಭಿವೃದ್ಧಿ ಕರ ಕಟ್ಟಿ ಅಂದದ್ದಕ್ಕೆ 1980ರಲ್ಲಿ ನರಗುಂದ, ನವಲಗುಂದದಲ್ಲಿ ನಮ್ಮ ಹಿರಿಯರು ಎದ್ದು ನಿಂತರು, ಗುಂಡಿಗೆ ಬಿದ್ದರು. ಆ ವೀರಗಲ್ಲಿಗೆ ಪ್ರತಿವರ್ಷ ಮಾಲೆ ಬೀಳ್ತದೆ. ಎಲ್ಲಾ ಪಕ್ಷದವರೂ ಬರ್ತಾರೆ, ಭಾಷಣ ಮಾಡ್ತಾರೆ, ಹೋಗ್ತಾರೆ. ನಾವು ಅಲ್ಲೂ ಚಪ್ಪಾಳೆ ಹೊಡೀತೀವಿ. ನಮ್ಮ ಹಬ್ಬವನ್ನೂ ನಾವೇ ಪೆರೇಡ್ ಮಾಡಿಕೊಂಡೀವಿ.

ಈಗ ನನ್ನ ತಪ್ಪಿಗೆ ಬರ್ತೀನಿ. ಇಷ್ಟು ಓದಿ, ಬರೆದುಕೊಂಡು ನಾನು ಆಗಸ್ಟ್ ಮೊದಲ ವಾರ ಊರಿಗೆ ಬಂದೆ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಬಾವುಟ ಹಾರಿಸಿ ಆದ ಮೇಲೆ ಪಂಚಾಯಿತಿಯಲ್ಲಿ ಗ್ರಾಮಸಭೆ ಇತ್ತು. ನಾನು ಹೋಗಲಿಲ್ಲ. ಮನೆ ಕಟ್ಟೆ ಮೇಲೆ ಕೂತು ಬಂದವರಿಗೆಲ್ಲ ಪ್ಯಾರಿಸ್ ಪೆರೇಡಿನ ವಿಡಿಯೊ ತೋರಿಸಿದೆ. ಇಪ್ಪತ್ತು ಮೂವತ್ತು ಮಂದಿ ಸೇರಿದ್ದರು. ಅವರನ್ನೂ ಸಭೆಗೆ ಹೋಗದಂತೆ ಹಿಡಿದಿಟ್ಟದ್ದು ನಾನೇ. ಆ ಸಭೆಯಲ್ಲಿ ಇದ್ದವರು ಹನ್ನೊಂದು ಮಂದಿ.

ಅಲ್ಲಿ ಒಂದು ಮಾತು ಹೇಳಿದ್ದರಂತೆ: ಬೆಳೆ ಸಮೀಕ್ಷೆ ನಡೆದೈತಿ, ನಿಮ್ಮ ನಿಮ್ಮ ಹೊಲಕ್ಕೆ ಏನು ಬೆಳೆ ಬರೆದಾರ ಅಂತ ನೋಡಿಕೊಳ್ರಿ, ತಪ್ಪಿದ್ದರ ಆಕ್ಷೇಪಣೆ ಹಾಕ್ರಿ. ನಮಗೆ ಗೊತ್ತಾಗಲಿಲ್ಲ. ತಮ್ಮನ ನಾಲ್ಕು ಎಕರೆಗೆ ಎರಡು ಸಲ ಹತ್ತಿ ಬೀಜ ಊರಿದ್ದರೂ ದಾಖಲೆಯಲ್ಲಿ 'ಬೀಳು' ಅಂತ ಇತ್ತು. ಪರಿಹಾರ ಬಂದಾಗ ಅಕ್ಕಪಕ್ಕದವರ ಖಾತೆಗೆ ಜಮಾ ಆಯಿತು, ಅವನಿಗೆ ಆಗಲಿಲ್ಲ. ಓಡಾಡಿ ಕೇಳಿದರೆ, ಆಕ್ಷೇಪಣೆಯ ಅವಧಿ ಮುಗಿದೈತಿ ಅಂದರು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500ರ ಲೆಕ್ಕದಲ್ಲಿ ಸುಮಾರು 13,600 ರೂಪಾಯಿ. ಕೋಟಿಗಳ ಮುಂದೆ ಇದು ಏನೂ ಅಲ್ಲ. ಅವನು ಬೀಜಕ್ಕೆ ಮಾಡಿದ ಸಾಲ ಅದರಲ್ಲಿ ತೀರುತ್ತಿತ್ತು.

ತಮ್ಮ ನನಗೆ ಬೈಯಲಿಲ್ಲ. ಒಂದೇ ಮಾತು ಅಂದ: "ಇರಲಿ ಬಿಡಣ್ಣಾ, ನೀ ಆವತ್ತು ಪೆರೇಡ್ ನೋಡಾಕತ್ತಿದ್ದಿ." ಬೈದಿದ್ದರೆ ಚಲೋ ಇತ್ತು.

ಅದಕ್ಕೇ ಬರೀತಿದ್ದೀನಿ. ಬೀದಿ ತುಂಬ ಗೋಧಿ ಹಾಸೋಕೆ ನಮ್ಮಿಂದ ಆಗಲಿಕ್ಕಿಲ್ಲ, ದಿಲ್ಲಿಗೆ ಹೋಗ್ರಿ ಅಂತಲೂ ನಾನು ಹೇಳ್ತಿಲ್ಲ. ನಮ್ಮ ಪಂಚಾಯಿತಿ ಕಟ್ಟೆವರೆಗೆ ಹೋಗಬಹುದಲ್ಲ?

ಶುಕ್ರವಾರ ಬಾವುಟಕ್ಕೆ ವಂದಿಸೋಣ, ಮಕ್ಕಳ ಕವಾಯತಿಗೆ ಮನಸಾರೆ ಚಪ್ಪಾಳೆ ಹೊಡೆಯೋಣ. ಆಮೇಲೆ ಚುರುಮುರಿ ತಿಂದು ಮನೆಗೆ ಹೋಗೋದು ಬೇಡ. ಗ್ರಾಮಸಭೆಗೆ ಕೂರೋಣ. ಸಭೆ ಇಟ್ಟಿಲ್ಲ ಅಂದರೆ ಯಾವಾಗ ಇಡ್ತೀರಿ ಅಂತ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳೋಣ. ಮೂರೇ ಲೆಕ್ಕ ಕೇಳೋಣ.

ಒಂದು, ಬೆಳೆ ಸಮೀಕ್ಷೆ. ಬರುವಾಗಲೇ 'ಬೆಳೆ ದರ್ಶಕ' ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರು ನೋಡಿಕೊಂಡು ಬನ್ನಿ. ಫೋನ್ ತಿಳಿಯದವರಿಗೆ ಓಣಿಯ ಹುಡುಗರು ತೋರಿಸಿರಿ. ವಿಡಿಯೊ ನೋಡೋ ಫೋನಿನಲ್ಲಿ ಅದೂ ಕಾಣ್ತದೆ.

ಎರಡು, ಪಂಚಾಯಿತಿಯ ಮಳೆ ಮಾಪನ. ಯಂತ್ರ ನಡೀತದೋ ಇಲ್ಲವೋ, ಜೂನ್‌ನಿಂದ ಎಷ್ಟು ಮಿಲಿಮೀಟರ್ ಬರೆದಿದೆ, ಸಭೆಯಲ್ಲಿ ಓದಿ ಹೇಳಲಿ.

ಮೂರು, ವಿಮೆಯ ಬೆಳೆ ಕಟಾವು ಪ್ರಯೋಗ. ಯಾರ ಹೊಲದಲ್ಲಿ, ಯಾವ ದಿನ ಮಾಡ್ತಾರೆ ಅಂತ ಮೊದಲೇ ತಿಳಿಸಲಿ. ಇಡೀ ಪಂಚಾಯಿತಿಯ ಇಳುವರಿ ತೀರ್ಮಾನ ಆಗೋದು ಆ ನಾಲ್ಕಾರು ತುಂಡು ಹೊಲದಲ್ಲಿ. ಅಲ್ಲಿ ನಾವು ನಿಂತಿರಬೇಕು.

ಹೆಸರು ಬಿಡಿಸೋ ಹೊತ್ತು ಹತ್ತಿರ ಬಂದೈತಿ, ಆಳು ಸಿಗೋದಿಲ್ಲ, ಎಲ್ಲಾ ಗೊತ್ತೈತಿ. ಯೂರಿಯಾಕ್ಕೆ ಅರ್ಧ ದಿನ ನಿಂತೀವಿ, ಇದಕ್ಕೆ ಎರಡು ತಾಸು ಕೂರೋಣ. ನಾನು ಅವತ್ತು ಯಾವ ವಿಡಿಯೊನೂ ತೋರಿಸೋದಿಲ್ಲ. ತಮ್ಮನ ಉತಾರ ಕಿಸೆಯಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿರ್ತೀನಿ. ಪಕ್ಕದಲ್ಲಿ ಜಾಗ ಹಿಡಿದಿಡ್ತೀನಿ, ಬರ್ರಿ.